ಮುಂಜಾನಿ ಜ್ವರಾನ ಇದ್ದಿಲ್ಲ

ನಾನು ಸಿಟ್ಟಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಿಕೋಟಾದ ಹೆಣ್ಣುಮಕ್ಕಳ ಶಾಲೆಯಲ್ಲಿ ಎರಡನೆಯ ಇಯತ್ತೆಗೆ ಕಲಿಸುತ್ತಿದ್ದ ಕಾಲದಲ್ಲಿ ಸುಳ್ಳು ಹೇಳಿದ ಹುಡುಗಿಗೆ ನನ್ನ ಕೈಯಿಂದ ಬಿಡುಗಡೆ ಇರಲಿಲ್ಲ. ಪಾಟಿ ಒಡೆದರೆ ಬಿಡುತ್ತಿದ್ದೆ, ಮಗ್ಗಿ ಮರೆತರೆ ಬಿಡುತ್ತಿದ್ದೆ. "ನಾ ಒಡದಿಲ್ರಿ ಅಕ್ಕೋರ, ಪಾಟಿ ತಾನ ಒಡೀತರಿ" ಅಂದರೆ ಮಾತ್ರ ಕಿವಿ ಹಿಂಡುತ್ತಿದ್ದೆ. ನಮ್ಮ ಕಡೆ ಕಲಿಸುವ ಹೆಂಗಸನ್ನು ಅಕ್ಕೋರು ಅನ್ನುತ್ತಾರೆ. "ಈ ಅಕ್ಕೋರ ಮುಂದ ಸುಳ್ಳು ನಡ್ಯಾಂಗಿಲ್ಲವಾ" ಎಂದು ತಾಯಂದಿರು ಮಾತಾಡಿಕೊಳ್ಳುವುದು ಕಿವಿಗೆ ಬಿದ್ದರೆ ಒಳಗೊಳಗೇ ಉಬ್ಬುತ್ತಿದ್ದೆ. ಅಂಥ ಅಕ್ಕೋರು ಒಂದು ವರ್ಷ ಪೂರ್ತಿ ಒಂದು ಸುಳ್ಳನ್ನು ಮಡಿಲಲ್ಲಿ ಕಟ್ಟಿಕೊಂಡು ತಿರುಗಿದರು.

ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲ. ಶಾಲೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಇನ್ಸ್‌ಪೆಕ್ಟರ್ ಬರುತ್ತಾರೆಂದರೆ ಎಂಟು ದಿನ ಮೊದಲೇ ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ, ಹುಡುಗಿಯರ ತಲೆಗೆ ಎಣ್ಣೆ. ನಾನು ನನ್ನ ಹುಡುಗಿಯರಿಂದ ಹದಿನೈದರ ಮಗ್ಗಿಯ ತನಕ ಬಾಯಿಪಾಠ ಮಾಡಿಸಿದ್ದೆ. ಇಂಥ ವರ್ಗ ಎಲ್ಲೂ ನೋಡಿಲ್ಲ ಅಂತ ಸಾಹೇಬರ ಬಾಯಿಂದ ಅನ್ನಿಸಿಕೊಳ್ಳಬೇಕೆಂಬ ಹಟ ನನಗೆ. ಆ ಮುಂಜಾನೆ ಹೊರಡುವ ಮುಂಚೆ, ಮಲಗಿದ್ದ ನನ್ನ ಮಗಳ ಹಣೆ ಮುಟ್ಟಿ ನೋಡಿದೆ. ಎರಡೂವರೆ ವರ್ಷದ ಕೂಸು. ಹಣೆ ಸುಡುತ್ತಿತ್ತು. ಬೆಚ್ಚಗಿತ್ತು ಅಂತ ಹೇಳಿ ಇಲ್ಲಿಯೂ ಜಾರಿಕೊಳ್ಳುವುದು ಬೇಡ, ಸುಡುತ್ತಿತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ. "ಅತ್ತಿ, ಆಕಿ ಮಲಗ್ಯಾಳ, ಎಬ್ಬಸಬ್ಯಾಡ್ರಿ" ಎಂದು ಅಂಗಳದಿಂದಲೇ ಕೂಗಿ ಹೇಳಿ ಶಾಲೆಗೆ ಹೋದೆ.

ಮಧ್ಯಾಹ್ನ ಸಾಹೇಬರು ನನ್ನ ವರ್ಗದಲ್ಲಿ ನಿಂತು ಹನ್ನೆರಡರ ಮಗ್ಗಿ ಕೇಳುತ್ತಿದ್ದಾಗ ಪಕ್ಕದ ಮನೆಯ ಹೆಂಗಸು ಓಡಿಬಂದಳು. ಮನೆ ಮುಟ್ಟುವಷ್ಟರಲ್ಲಿ ಕೂಸಿಗೆ ಸೆಳವು ಬಂದು ಕಣ್ಣು ಮೇಲಾಗಿದ್ದವು. ಊರ ಡಾಕ್ಟರು ಬಂದು ನೋಡಿ, ಕೂಡಲೇ ವಿಜಾಪುರಕ್ಕೆ ಒಯ್ಯಿರಿ ಅಂದರು. ಈಗ ವಿಜಯಪುರ ಅನ್ನುತ್ತಾರಲ್ಲ, ಆಗ ನಮ್ಮ ಬಾಯಲ್ಲಿ ಅದು ವಿಜಾಪುರ. ಯಾರೋ ಜೀಪು ತರಲು ಓಡಿದರು. ಜೀಪು ಬಂದು ಬಾಗಿಲಿಗೆ ನಿಂತಾಗ ಅದರ ಕೆಲಸ ಉಳಿದಿರಲಿಲ್ಲ.

ಅಂಗಳದ ತುಂಬ ಹೆಂಗಸರು. ಯಾರೋ ನನ್ನ ತಲೆ ಎದೆಗವಚಿಕೊಂಡು ಕೇಳಿದರು: "ಮುಂಜಾನಿ ಹೆಂಗಿತ್ತವಾ ಕೂಸು?"

"ಮುಂಜಾನಿ ಜ್ವರಾನ ಇದ್ದಿಲ್ಲ" ಅಂದೆ.

ಪಕ್ಕದಲ್ಲಿ ಗೋಡೆಗೆ ಒರಗಿಕೊಂಡು ಕೂತಿದ್ದ ಅತ್ತೆ, "ಹೌದವಾ, ಇದ್ದಿಲ್ಲ" ಅಂದರು.

ನಮ್ಮ ಕಡೆ ಸಾವಾದ ಮನೆಗೆ ಮಾತಾಡಿಸಲು ಬರುವ ಪದ್ಧತಿ ಇದೆ. ಬೀಗರು, ನೆಂಟರು, ಓಣಿಯವರು, ದೂರದ ಊರಿನವರು, ದಿನಕ್ಕೊಂದು ಗುಂಪಾಗಿ ಬರುತ್ತಾರೆ. ಬಂದವರು ಸುಮ್ಮನೆ ಕೂಡುವಂತಿಲ್ಲ, ಹೆಂಗಾತು ಅಂತ ಕೇಳಬೇಕು. ಮನೆಯ ಹಿರಿಯ ಹೆಂಗಸು ಮೊದಲಿನಿಂದ ಕಡೆಯವರೆಗೆ ಹೇಳಬೇಕು. ಹೇಳಿದ್ದು ಮುಗಿದ ಮೇಲೆ ಎಲ್ಲರೂ ಕೂಡಿ ಅತ್ತು, ಅವರು ತಂದ ಬುತ್ತಿ ಬಿಚ್ಚಿ, ಎರಡು ತುತ್ತು ಒತ್ತಾಯದಿಂದ ತಿನ್ನಿಸಿ ಏಳುತ್ತಾರೆ. ಮರುದಿನ ಮತ್ತೊಂದು ಗುಂಪು, ಮತ್ತೆ ಮೊದಲಿನಿಂದ. ಒಂದು ತಿಂಗಳು ನಮ್ಮ ಅತ್ತೆ ಅದನ್ನು ಎಷ್ಟು ಸಲ ಹೇಳಿದರೋ ಆ ಶಿವನಿಗೇ ಗೊತ್ತು. ಪ್ರತಿ ಸಲ ನನ್ನ ಸುಳ್ಳು ಅದರಲ್ಲಿ ಇರುತ್ತಿತ್ತು: "ಮುಂಜಾನಿ ಜ್ವರಾನ ಇದ್ದಿಲ್ಲ ನೋಡವಾ. ಈಕಿ ಹೆತ್ತಾಕಿ, ಜ್ವರಾ ಇದ್ರ ಬಿಟ್ಟು ಹೋಗತಿದ್ದಳೇನು?" ಬಂದವರು ಲೊಚಗುಟ್ಟಿ, "ಈಕಿದೇನ್ ತಪ್ಪವಾ, ಆಕಿ ಆಯುಷ್ಯಾನ ಅಷ್ಟಿತ್ತು" ಅಂದು ನನ್ನ ಬೆನ್ನು ಸವರುತ್ತಿದ್ದರು. ಅಷ್ಟು ಕೈಗಳು ಬೆನ್ನ ಮೇಲೆ ಇದ್ದಾಗಲೂ ನಾನು ಒಬ್ಬಳೇ ಇದ್ದೆ. ಅವರು ಸಮಾಧಾನ ಹೇಳುತ್ತಿದ್ದದ್ದು ಜ್ವರವಿಲ್ಲದ ಕೂಸನ್ನು ಬಿಟ್ಟುಹೋದ ಯಾವಳೋ ಒಬ್ಬ ಪುಣ್ಯವಂತೆಗೆ.

ನಮ್ಮ ಮನೆಯವರು ವಿಜಾಪುರದಲ್ಲಿ ರೈತರ ಕಾಳುಕಡಿ ಮಾರಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಮಗ್ಗುಲಿಗೆ ಒಂದು ಖೋಲಿ ಹಿಡಿದಿದ್ದರು, ಆದಿತ್ಯವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಮಗಳು ಹೋದ ಮೇಲೆ ಎರಡು ವಾರಕ್ಕೊಮ್ಮೆ ಆಯಿತು. ಬಂದರೂ ಊಟ ಮಾಡಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಕೆಟ್ಟವರಲ್ಲ. ಏನು ಮಾತಾಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ, ನನಗೂ ತಿಳಿಯುತ್ತಿರಲಿಲ್ಲ.

ಬೇಸಿಗೆ ಬರುವಷ್ಟರಲ್ಲಿ ನನ್ನ ಬಲ ಅಂಗೈ ಉರಿಯತೊಡಗಿತು. ಖಾರ ಕುಟ್ಟಿದ ಕೈ ಉರಿಯುತ್ತದಲ್ಲ, ಹಾಗೆ. ಹಲಗೆಯ ಮೇಲೆ ಬರೆಯಲು ಖಡು ಹಿಡಿದರೆ ಬೆರಳು ನಿಲ್ಲುತ್ತಿರಲಿಲ್ಲ. ಪಾಠದ ನಡುವೆ ಎದ್ದುಹೋಗಿ ಕುಡಿಯುವ ನೀರಿನ ಹರವಿಯಲ್ಲಿ ಕೈ ಅದ್ದಿ ನಿಲ್ಲುತ್ತಿದ್ದೆ. ಹುಡುಗಿಯರು ಮನೆಯಲ್ಲಿ ಹೇಳಿದರು, ಮನೆಯವರು ಹೆಡ್‌ಮಾಸ್ತರರಿಗೆ ಹೇಳಿದರು, ಹೆಡ್‌ಮಾಸ್ತರರು ಬಲು ಮೃದುವಾಗಿ ನನ್ನನ್ನು ರಜೆಯ ಮೇಲೆ ಕಳಿಸಿದರು. ಅತ್ತೆ ಮದರಂಗಿ ಅರೆದು ಹಚ್ಚಿದರು, ಬೆಣ್ಣೆ ಹಚ್ಚಿದರು, ಲೋಳಸರ ಕಟ್ಟಿದರು. ಯಾವುದಕ್ಕೂ ಜಗ್ಗಲಿಲ್ಲ.

ತವರಿಗಾದರೂ ಹೋಗಿ ಬರಲಿ ಎಂದು ಬಬಲೇಶ್ವರಕ್ಕೆ ಕಳಿಸಿದರು. ಅಲ್ಲಿ ಒಂದು ಮಧ್ಯಾಹ್ನ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೆತ್ತವಳ ಮುಂದೆಯೂ ಹೇಳದಿದ್ದರೆ ಇನ್ನಾರ ಮುಂದೆ ಹೇಳಲಿ ಅನ್ನಿಸಿತು.

"ಯವ್ವಾ, ಅವತ್ತ ಮುಂಜಾನಿ ಆಕಿಗಿ..." ಅಂದೆ.

ಅವ್ವ ಹಿಟ್ಟಿನ ಕೈಯಿಂದಲೇ ನನ್ನ ಬಾಯಿ ಮುಚ್ಚಿದಳು. "ಸತ್ತ ಕೂಸಿನ ಸುದ್ದಿ ಒಲಿ ಮುಂದ ತಗೀಬ್ಯಾಡಬೇ. ಮತ್ತೊಂದ ಹುಟ್ಟತೈತಿ, ಎಲ್ಲಾ ಮರೀತಿ."

ತುಟಿಗೆ ಹತ್ತಿದ ಜೋಳದ ಹಿಟ್ಟನ್ನು ಒರೆಸಿಕೊಂಡು ಹಿತ್ತಲಿಗೆ ಹೋದೆ. ಅವ್ವನ ಮೇಲೆ ಬಂದ ಸಿಟ್ಟು ಎಷ್ಟೋ ವರ್ಷ ಇಳಿಯಲಿಲ್ಲ.

ಮಳೆಗಾಲ ಕಳೆದ ಮೇಲೆ ತಿಕೋಟಾದ ಡಾಕ್ಟರೇ ಹೇಳಿದರು, ಈ ಉರಿ ಕೈಯಲ್ಲಿಲ್ಲ, ಮನಸ್ಸಿನಲ್ಲಿದೆ. ವಿಜಾಪುರದ ಜಲನಗರದಲ್ಲಿ ಮನಸ್ಸಿನ ರೋಗ ನೋಡುವವರೊಬ್ಬರು ಶನಿವಾರ ಶನಿವಾರ ಕೂಡುತ್ತಾರೆ, ಅವರಿಗೆ ತೋರಿಸಿರಿ. ಊರಲ್ಲಿ ಅಂಥವರನ್ನು ಹುಚ್ಚಿನ ಡಾಕ್ಟರ್ ಅನ್ನುತ್ತಿದ್ದರು. ಅತ್ತೆ ಕೇಳಿದವರಿಗೆಲ್ಲ "ಕಣ್ಣು ತೋರಸಾಕ ಹೊಂಟೀವಿ" ಅಂದುಬಿಟ್ಟರು. ಆ ಮೇಲೆ ಓಣಿಯ ಹೆಂಗಸರು ಸಿಕ್ಕಲ್ಲೆಲ್ಲ "ಚಸ್ಮಾ ಇನ್ನಾ ಬರಲಿಲ್ಲೇನ್ರಿ ಅಕ್ಕೋರ?" ಎಂದು ಕೇಳಿ ನನ್ನ ಜೀವ ತಿನ್ನುತ್ತಿದ್ದರು.

ಬಸ್ ಸ್ಟ್ಯಾಂಡಿನಿಂದ ಟಾಂಗಾದಲ್ಲಿ ಹೋದೆವು. ಒಂದು ಬಾಡಿಗೆ ಮನೆಯ ಮುಂಗೋಣೆಯೇ ದವಾಖಾನೆ. ಹೊರಗೆ ಕಟ್ಟೆಯ ಮೇಲೆ ಒಂದು ಬೆಂಚು, ಒಳಗೆ ಮೇಜು, ಮೂರು ಕುರ್ಚಿ. ಡಾಕ್ಟರು ಮೈಸೂರು ಸೀಮೆಯವರು, ವಯಸ್ಸಾದವರು, ಮೆತ್ತಗೆ ಮಾತಾಡುವವರು. "ಹೇಳಿ ಅಮ್ಮ, ಏನಾಗ್ತಿದೆ?" ಎಂದು ನನ್ನ ಮುಖ ನೋಡಿ ಕೇಳಿದರು. ನಾನು ಅತ್ತೆಯ ಮುಖ ನೋಡಿದೆ.

ಇದನ್ನು ಈಗಿನವರಿಗೆ ತಿಳಿಸಿ ಹೇಳಬೇಕು. ಆಗ ನಮ್ಮ ಕಡೆಯ ಹೆಂಗಸರು ಡಾಕ್ಟರ ಮುಂದೆ ತಮ್ಮ ಬೇನೆಯನ್ನು ತಾವು ಹೇಳಿಕೊಳ್ಳುತ್ತಿರಲಿಲ್ಲ. ಜೊತೆಗೆ ಬಂದ ಹಿರಿಯರು ಹೇಳುತ್ತಿದ್ದರು. ಬೇನೆ ಇದ್ದವಳ ಕೆಲಸ ನಾಲಿಗೆ ಚಾಚುವುದು, ಕೈ ನೀಡುವುದು, ಅಷ್ಟೇ. ನಾನು ನೌಕರಿ ಮಾಡುವವಳು, ಬಸ್ಸಿನ ಕಂಡಕ್ಟರನ ಜೊತೆ ಸೀಟಿಗಾಗಿ ಜಗಳ ಆಡುವವಳು, ಆದರೂ ಅತ್ತೆ ಪಕ್ಕದಲ್ಲಿ ಕೂತಿರುವಾಗ ಬಾಯಿ ತೆರೆಯುವುದು ಹೊಳೆಯಲೇ ಇಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು, ಮಾತಾಡಿಸಲು ಬಂದವರಿಗೆ ಹೇಳಿದ ಹಾಗೆಯೇ ಶುರುಮಾಡಿದರು: "ಮುಂಜಾನಿ ಕೂಸಿಗಿ ಜ್ವರಾನ ಇದ್ದಿಲ್ರಿ ಸಾಹೇಬ್ರ..." ಡಾಕ್ಟರು ಅದನ್ನೆಲ್ಲ ಬರೆದುಕೊಂಡರು.

ಮೂರನೆಯ ಸಲಕ್ಕೆ ಅವರು, "ಅಮ್ಮ, ನೀವು ಸ್ವಲ್ಪ ಹೊರಗೆ ಕೂತಿರಿ" ಎಂದು ಅತ್ತೆಗೆ ಹೇಳಿದರು. ಅತ್ತೆಗೆ ಅವಮಾನವಾಯಿತು. "ನಾ ಏನ್ ಹೊರಗಿನಾಕಿ ಏನ್ರಿ?" ಎಂದು ಕೇಳಿಯೇ ಎದ್ದರು. ಬಾಗಿಲು ಮುಚ್ಚಿಕೊಂಡಿತು. ಜೀವಮಾನದಲ್ಲಿ ಮೊದಲ ಸಲ ನಾನು ಒಂದು ಕೋಣೆಯಲ್ಲಿ ನನ್ನ ಮಾತನ್ನೇ ಕೇಳಲೆಂದು ಕೂತ ಒಬ್ಬ ಮನುಷ್ಯನ ಮುಂದೆ ಇದ್ದೆ.

"ಈಗ ನೀವು ಹೇಳಿ."

"ನಮ್ಮ ಅತ್ತಿ ಎಲ್ಲಾ ಹೇಳ್ಯಾರಲ್ರಿ."

"ಅದು ಅವರು ಹೇಳಿದ್ದು. ನೀವು ಹೇಳಿ. ಇಲ್ಲಿ ಹೇಳಿದ್ದು ಈ ಬಾಗಿಲು ದಾಟೋದಿಲ್ಲ."

ನಾನು ಅತ್ತೆ ಹೇಳಿದ್ದನ್ನೇ ಅಕ್ಷರ ತಪ್ಪದೆ ಒಪ್ಪಿಸಿದೆ, ಮಗ್ಗಿ ಒಪ್ಪಿಸಿದ ಹಾಗೆ.

ಅದಾದ ಮೇಲೆ ನಾನು ಮಾಡಿದ್ದು ಇನ್ನೂ ಹುಚ್ಚುಕೆಲಸ. ಊರಿಂದ ಪೇಟೆಗೆ ಹೋಗುವುದೆಂದರೆ ನಮಗೆ ಒಳ್ಳೆಯ ಸೀರೆ, ತುರುಬಿಗೆ ಹೂವು. ದೊಡ್ಡವರ ಮನೆಗೆ ಅಳುಮೋರೆ ಹೊತ್ತು ಹೋಗಬಾರದು. ನಾನು ಇಳಕಲ್ ಸೀರೆ ಉಟ್ಟು, ಡಬ್ಬಿಯಲ್ಲಿ ಡಾಕ್ಟರಿಗೆಂದು ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ತುಂಬಿಕೊಂಡು ಹೋಗುತ್ತಿದ್ದೆ. "ಹೇಗಿದೀರಿ?" ಅಂದರೆ "ಆರಾಮ ಅದೀನ್ರಿ". "ನಿದ್ದೆ?" "ಬರ್ತೈತ್ರಿ". "ಕೈ ಉರಿ?" "ಭಾಳ ಕಡಿಮಿ ಆಗೇದ್ರಿ, ನಿಮ್ಮ ಕೈಗುಣ". ಪಾಪ, ದೂರದಿಂದ ಬಂದು ಇಷ್ಟು ಕಾಳಜಿ ಮಾಡುವ ಮನುಷ್ಯನಿಗೆ ನಿಮ್ಮ ಔಷಧ ಹತ್ತಿಲ್ಲ ಅಂತ ಹೇಗೆ ಹೇಳುವುದು? ಉಂಡ ಮನೆಯಲ್ಲಿ ಅಡಿಗೆ ಸಪ್ಪಗಿತ್ತು ಅಂದ ಹಾಗಾಗುತ್ತದೆ. ಅವರ ಅಕ್ಷರ ಕೋಳಿ ಕೆದರಿದ ಹಾಗಿತ್ತು, ಅದಕ್ಕೂ ಒಂದು ಸಲ ಚೇಷ್ಟೆ ಮಾಡಿದೆ: "ನನ್ನ ಇಯತ್ತೆದಾಗ ಇದ್ದಿದ್ರ ನಿಮಗ ಮೂರ್ ಹೊತ್ತು ಕಾಪಿ ಬರಸ್ತಿದ್ದೆರಿ". ಡಾಕ್ಟರು ಕನ್ನಡಕ ತೆಗೆದು ನಕ್ಕರು. ತಿರುಗಿ ಬರುವಾಗ ಬಸ್ಸಿನಲ್ಲಿ ಒದ್ದೆ ಸೆರಗಿನಲ್ಲಿ ಅಂಗೈ ಸುತ್ತಿಕೊಂಡು ಕೂತಿರುತ್ತಿದ್ದೆ.

ಆದರೆ ಆ ಶನಿವಾರಗಳಿಗಾಗಿ ನಾನು ಕಾಯುತ್ತಿದ್ದೆ. ಊರೆಲ್ಲ ನನ್ನನ್ನು ಹಾದು ಹೋಗುತ್ತಿತ್ತು, ಅಲ್ಲೊಬ್ಬರು ಮಾತ್ರ ನನ್ನ ಎದುರಿಗೆ ಕೂಡುತ್ತಿದ್ದರು. ಅವರ ಮುಂದೆಯೂ ನಾನು ನಾನಾಗಿ ಕೂಡಲಿಲ್ಲವೆಂಬುದೇ ಎಲ್ಲಕ್ಕಿಂತ ದೊಡ್ಡ ಒಂಟಿತನವಾಗಿತ್ತು.

ಮತ್ತೆ ಚಳಿಗಾಲ ಬಂತು. ಒಂದು ಶನಿವಾರ ಡಾಕ್ಟರು ಖುಷಿಯಿಂದ ಹೇಳಿದರು: "ಇನ್ನು ನೀವು ಬರೋದು ಬೇಡಮ್ಮ. ಗುಣವಾಗಿದ್ದೀರಿ. ಸೋಮವಾರದಿಂದ ಶಾಲೆಗೆ ಹೋಗಬಹುದು ಅಂತ ಸರ್ಟಿಫಿಕೇಟು ಬರೆದುಕೊಡ್ತೀನಿ."

ಪೆನ್ನು ತೆಗೆದು ಬರೆಯತೊಡಗಿದರು. ಆ ಹಾಳೆಯ ಮೇಲೆ ಸಹಿ ಬಿದ್ದರೆ ಮುಗಿಯಿತು. ಈ ಕುರ್ಚಿ ಹೋಗುತ್ತದೆ, ಕೇಳುವವರು ಹೋಗುತ್ತಾರೆ, ನಾನು ಸಾಯುವ ತನಕ ಜ್ವರವಿಲ್ಲದ ಕೂಸಿನ ತಾಯಿಯಾಗಿ ಬದುಕಬೇಕು.

"ಬರೀಬ್ಯಾಡ್ರಿ" ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಅವರು ತಲೆ ಎತ್ತಿದರು.

"ಎಲ್ಲಾ ಸುಳ್ಳು ಹೇಳೇನ್ರಿ. ನಿದ್ದಿ ಬರಂಗಿಲ್ಲ. ಕೈ ಈಗೂ ಉರ್ಯಾಕತ್ತೇತಿ. ಅವತ್ತ ಮುಂಜಾನಿ ಆಕಿಗಿ ಜ್ವರಾ ಇತ್ರಿ. ನಾ ಮುಟ್ಟಿ ನೋಡಿದ್ದೆ. ಇದ ಕೈಲೆ. ನೋಡಿ, ಬಿಟ್ಟು ಹೋದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಮುಖ ಕೆಂಪಾಗಿತ್ತು. ಮೂರು ತಿಂಗಳ ಶ್ರಮ ನೀರಿಗೆ ಹಾಕಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? "ಹಾಗಾದ್ರೆ ಇಷ್ಟು ದಿನ ನಾನು ಔಷಧಿ ಕೊಟ್ಟಿದ್ದು ಯಾರಿಗಮ್ಮ?" ಅಂದರು.

"ನಮ್ಮ ಅತ್ತಿ ಹೇಳಿದ್ರಲ್ರಿ, ಆ ಹೆಣ್ಮಗಳಿಗಿ."

ಅವರು ಸರ್ಟಿಫಿಕೇಟಿನ ಹಾಳೆಯನ್ನು ಮಡಚಿ ಡ್ರಾವರಿನಲ್ಲಿ ಹಾಕಿದರು. ಈಗ ಹೇಳುತ್ತಾರೆ ಅಂದುಕೊಂಡೆ, ನಿಮ್ಮದೇನು ತಪ್ಪಮ್ಮ, ಅವಳ ಆಯುಷ್ಯ ಅಷ್ಟೇ ಅಂತ. ಹೇಳಿದ್ದರೆ ಎದ್ದು ಹೋಗುತ್ತಿದ್ದೆ. ಅವರು ಕೇಳಿದ್ದು ಬೇರೆ.

"ಎಷ್ಟು ಬಿಸಿ ಇತ್ತು?"

ಯಾರೂ ಕೇಳಿರಲಿಲ್ಲ. ನನಗೆ ಹಂಚಿನಿಂದ ಆಗಷ್ಟೇ ತೆಗೆದ ರೊಟ್ಟಿ ನೆನಪಾಯಿತು, ಅದನ್ನೇ ಹೇಳಿದೆ. ಕೂದಲು ಬೆವರಿಗೆ ಅಂಟಿದ್ದನ್ನು ಹೇಳಿದೆ, ತುಟಿ ಒಣಗಿದ್ದನ್ನು ಹೇಳಿದೆ. ಸಾಹೇಬರ ಮುಂದೆ ಹೆಸರು ಮಾಡಬೇಕೆಂದಿದ್ದನ್ನು ಹೇಳಿದೆ. ಬಾಗಿಲಲ್ಲಿ ಒಮ್ಮೆ ನಿಂತು, ಮಧ್ಯಾಹ್ನದ ಬಿಡುವಿನಲ್ಲಿ ಬಂದು ನೋಡಿದರಾಯಿತು ಎಂದು ಅಂದುಕೊಂಡಿದ್ದನ್ನೂ ಹೇಳಿದೆ. ಹೇಳುತ್ತಲೇ ಅತ್ತುಬಿಟ್ಟೆ. ಒಂದು ವರ್ಷದಿಂದ ಅಷ್ಟು ಜನರ ನಡುವೆ ಅತ್ತಿದ್ದೆ, ನನ್ನ ಮಗಳಿಗಾಗಿ ಅತ್ತದ್ದು ಅಂದೇ. ಡಾಕ್ಟರು ಹೂಂ ಅನ್ನುತ್ತ, ಒಂದಕ್ಷರವನ್ನೂ ಬರೆದುಕೊಳ್ಳದೆ ಕೂತಿದ್ದರು. ಕಡೆಗೆ, "ಮುಂದಿನ ಶನಿವಾರ ಬನ್ನಿ. ಹೂ ಮುಡ್ಕೊಂಡು ಬರಬೇಕು ಅಂತೇನಿಲ್ಲ" ಅಂದರು.

ಮಧ್ಯಾಹ್ನದ ಬಸ್ಸು. ಅತ್ತೆ ಕಿಟಕಿಯ ಕಡೆ, ನಾನು ಪಕ್ಕಕ್ಕೆ. ನನ್ನ ಊದಿದ ಕಣ್ಣು ನೋಡಿ ಅವರು ಊರ ಹೊರಗೆ ಬರುವ ತನಕ ತಡೆದುಕೊಂಡರು.

"ಇಷ್ಟೊತ್ತು ಏನ್ ಮಾತಾಡಿದಿಬೇ?"

ಇವರೂ ತಿಳಿದುಕೊಳ್ಳಲಿ, ಬೈದರೆ ಬೈಯಲಿ, ಮನೆ ಬಿಟ್ಟು ಹೋಗು ಅಂದರೆ ಹೋದೇನು ಅನ್ನಿಸಿತು. "ಖರೇ ಹೇಳಿದೆರಿ ಅತ್ತಿ. ಅವತ್ತ ಜ್ವರಾ ಇತ್ತು. ನಾ ನೋಡಿನೂ ಸಾಲಿಗಿ ಹೋದೆ. ನಿಮಗೂ ಸುಳ್ಳ ಹೇಳಿದೆ."

ಅತ್ತೆ ತಿರುಗಿ ನೋಡಲಿಲ್ಲ. ಇಟ್ಟಂಗಿಹಾಳದಲ್ಲಿ ಬಸ್ಸು ನಿಂತಿತು, ಯಾರೋ ಎರಡು ಆಡಿನ ಮರಿ ಎತ್ತಿಕೊಂಡು ಹತ್ತಿದರು, ಕಂಡಕ್ಟರ್ ಅವರ ಜೊತೆ ಗದ್ದಲ ಮಾಡಿದ. ಬಸ್ಸು ಹೊರಟ ಮೇಲೆ ಅತ್ತೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು:

"ನೀ ಅಂಗಳದಾಗ ಹೆರಳ ಹಾಕ್ಕೊಳಾಕತ್ತಿದ್ದಿ. ಕೂಸು ಚಾದರ ಒದ್ದಿತ್ತು, ಹೊಚ್ಚಾಕ ಹೋಗಿದ್ದೆ. ನಾನೂ ಮುಟ್ಟಿದ್ದೆ."

ನಾನು ಅವರ ಕಡೆ ತಿರುಗಿದೆ.

"ಹೇಳಿದ್ರ ನೀ ಹೋಗತಿದ್ದಿಲ್ಲ. ಎಂಟ ದಿನಾ ಆ ಸಾಹೇಬ್ರ ಸಂಬಂಧ ಒದ್ದಾಡಿದ್ದಿ. ಕಷಾಯ ಕುಡಿಸಿದ್ರ ಇಳೀತೈತಿ ಅನಕೊಂಡೆ. ಕುಡಿಸಿದೆ. ಇಳೀಲಿಲ್ಲ. ಈಗ ಕರೀಲಿ, ಇನ್ನೊಂದೀಟ ತಡದು ಕರೀಲಿ ಅನಕೋತ ಕುಂತೆ."

ಅಷ್ಟೇ ಹೇಳಿದರು. ಅಂಗಳದಲ್ಲಿ ನಾನು ಆಡಿದ ಸುಳ್ಳಿಗೆ ಆ ಕ್ಷಣವೇ ಹೌದು ಅಂದವರು, ಒಂದು ತಿಂಗಳು ಬಂದವರಿಗೆಲ್ಲ ಅದನ್ನೇ ಹೇಳಿದವರು, ನನ್ನನ್ನು ನಂಬಿ ಹಾಗೆ ಹೇಳಿರಲಿಲ್ಲ. ಒಂದೇ ಒಲೆಯ ಮುಂದೆ ಒಂದು ವರ್ಷ ನಾವಿಬ್ಬರೂ ಒಂದೇ ಮಾತನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ರೊಟ್ಟಿ ಬಡಿದಿದ್ದೆವು. ನನಗೆ ಸಿಟ್ಟು ಬರಬೇಕಾಗಿತ್ತು, ಕರೆಯಬಾರದಿತ್ತೇ ಎಂದು ಚೀರಬೇಕಾಗಿತ್ತು. ಬರಲಿಲ್ಲ. ಅವರ ಕೈ ಹಿಡಿಯಬೇಕೆನಿಸಿತು, ಹಿಡಿಯಲೂ ಆಗಲಿಲ್ಲ. ತಿಕೋಟಾದಲ್ಲಿ ಇಳಿಯುವಾಗ ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಯಾರರೆ ಕೇಳಿದ್ರ ಚಸ್ಮಾ ಮುಂದಿನ ವಾರ ಬರ್ತೈತಿ ಅನ್ನು" ಅಂದರು.

ಅತ್ತೆ ಆಮೇಲೆ ಬಹಳ ವರ್ಷ ಬದುಕಿದರು. ಆ ಮಾತನ್ನು ಮತ್ತೆ ಒಮ್ಮೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಕೈ ಉರಿ ಒಂದೇ ದಿನಕ್ಕೆ ನಿಲ್ಲಲಿಲ್ಲ. ಇನ್ನೂ ಒಂದು ವರ್ಷ ಶನಿವಾರಗಳು ಬೇಕಾದವು. ನಾನು ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಗಂಡನ ಮೇಲಿನ ಸಿಟ್ಟು, ಅವ್ವನ ಮೇಲಿನ ಸಿಟ್ಟು, ಬೇರೆಯವರ ಕೂಸು ಕಂಡರೆ ಆಗುವ ಹೊಟ್ಟೆಯುರಿ, ಯಾವುದನ್ನೂ ಬಿಡಲಿಲ್ಲ. ಒಂದನ್ನು ಬಿಟ್ಟು.

ಆ ಮುಂದಿನ ಶನಿವಾರವೇ ಅವರು ಕೇಳಿದ್ದರು: "ಜ್ವರ ಇತ್ತು ಅಂತ ಮನೇಲಿ ಬೇರೆ ಯಾರಿಗಾದ್ರೂ ಗೊತ್ತಿತ್ತಾ?"

ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಬೆಂಚಿನ ಮೇಲೆ ಅತ್ತೆ ಬೆನ್ನು ನನ್ನ ಕಡೆ ಮಾಡಿ ಕೂತಿದ್ದರು. ಅವರನ್ನು ಒಳಗೆ ಕರೆದು, ನೀವು ಹೇಳಿ ಅನ್ನುವವರು ಯಾರೂ ಇರಲಿಲ್ಲ. ಕರೆದರೂ ಅವರು ಬರುವವರಲ್ಲ.

"ಇಲ್ರಿ. ಯಾರಿಗೂ ಗೊತ್ತಿದ್ದಿಲ್ಲ" ಅಂದೆ.

ಡಾಕ್ಟರು ಅದನ್ನು ಬರೆದುಕೊಂಡರು.